ರೊಟ್ಟಿ ಮಷೀನ್ ಕೆಟ್ಟಿದೆ, ಕಂಪನಿಯವರು "ನೀವು ಗ್ರಾಹಕರೇ ಅಲ್ಲ" ಅಂತಿದ್ದಾರೆ. ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಗದಗಿನ_ರೊಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವ ಗದಗಿನಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಹನ್ನೆರಡು ವರ್ಷ ಕೈಯಲ್ಲೇ ಬಡಿದಳು. ಮೊಣಕೈ ನೋವು ಜಾಸ್ತಿ ಆಯಿತು ಅಂತ ಹೋದ ದಸರಾ ಹೊತ್ತಿಗೆ ರೊಟ್ಟಿ ಒತ್ತುವ ಮಷೀನ್ ತರಿಸಿದೆವು. 68,000 ರೂಪಾಯಿ. ಹೊರರಾಜ್ಯದ ಕಂಪನಿ. ವಿಡಿಯೋ ನೋಡಿ ಫೋನಿನಲ್ಲೇ ಆರ್ಡರ್ ಕೊಟ್ಟಿದ್ದು. ದುಡ್ಡು ನನ್ನ ಖಾತೆಯಿಂದ ಹೋಗಿದೆ. ಬಿಲ್ಲು ಅವ್ವನ ಹೆಸರಿನಲ್ಲಿದೆ, ಅದರ ಕೆಳಗೆ "ರೊಟ್ಟಿ ಕೇಂದ್ರ" ಅಂತಲೂ ಬರೆದಿದ್ದಾರೆ.

ಎರಡೇ ತಿಂಗಳಿಗೆ ಮೇಲಿನ ಪ್ಲೇಟು ಒಂದು ಬದಿ ಕಾಯುವುದು ನಿಂತಿತು. ರೊಟ್ಟಿ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿ. ಅವರ ಹುಡುಗ ಬಂದು ಎರಡು ಸಲ ಕಾಯಿಲ್ ಬದಲಿಸಿದ. ಮೂರನೇ ಸಲ ಫೋನ್ ಮಾಡಿದರೆ 9,400 ಕೊಡಿ, ಮಷೀನನ್ನು ನಿಮ್ಮ ಖರ್ಚಿನಲ್ಲೇ ಕಳಿಸಿ ಅಂದರು. ವಾರಂಟಿ ಇನ್ನೂ ಇದೆ. ಕೋರ್ಟಿಗೆ ಹೋಗ್ತೀವಿ ಅಂತ ಮೇಲ್ ಹಾಕಿದ್ದಕ್ಕೆ ಬಂದ ಉತ್ತರ ಇದು: ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ. ಏನಿದ್ದರೂ ನಮ್ಮ ಊರಿನ ಕೋರ್ಟಿಗೇ ಬನ್ನಿ.

ಅಮೆರಿಕದಲ್ಲಿರುವ ಗೆಳೆಯನೊಬ್ಬ, ಅಲ್ಲಿ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಅಂತ ಇದೆ, ವಕೀಲರಿಲ್ಲದೆ ಹೋಗಿ ಬಗೆಹರಿಸಿಕೊಳ್ಳಬಹುದು ಅಂದ. ನಮ್ಮಲ್ಲಿ ಹಾಗೇನಾದರೂ ಇದೆಯಾ? ವಕೀಲರಿಗೆ 25,000 ಕೊಟ್ಟು 68,000ಕ್ಕೆ ಬಡಿದಾಡುವುದರಲ್ಲಿ ಅರ್ಥ ಇಲ್ಲ ಅಲ್ವಾ. ಅವ್ವನ ಜೊತೆ ಇಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಅದರಿಂದ ತೊಂದರೆ ಆಗುತ್ತಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಅನುಭವಸ್ಥ_ದಾವಣಗೆರೆ:

ಬ್ರದರ್, ಸುಮ್ನೆ 9,400 ಕೊಟ್ಟು ರಿಪೇರಿ ಮಾಡಿಸಿಕೊಳ್ಳಿ. ನಮ್ಮ ಮಾವ ಒಂದು ಟಿವಿ ಕೇಸು ಹಾಕಿ ಎರಡು ವರ್ಷ ಓಡಾಡಿದರು. ಪ್ರತಿ ಸಲ ಮುಂದಿನ ತಾರೀಕು. ಕೊನೆಗೆ ಹೋಗೋದೇ ಬಿಟ್ಟರು, ಕೇಸು ವಜಾ ಆಯಿತು. ಕಂಪನಿಗೆ ವಕೀಲರಿರ್ತಾರೆ, ನಮಗೆ ಯಾರಿದ್ದಾರೆ?

ಟೈಲರಮ್ಮ_ಅರಸೀಕೆರೆ:

ಗದಗಿನ ತಮ್ಮಾ, ನಾನು ಹೋಗಿ ಬಂದವಳು. ವಕೀಲರಿಲ್ಲದೆ. ಓದಿದ್ದು ಪಿಯುಸಿ. ನನ್ನದೂ ಮಷೀನೇ, ನನಗೂ "ನೀವು ಗ್ರಾಹಕರಲ್ಲ" ಅಂತಲೇ ಹೇಳಿದ್ದರು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಪುರುಸೊತ್ತು ಮಾಡಿಕೊಂಡು ಓದಿ.

2021ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ತಂದೆ. 46,500. ಮದುವೆ ಬ್ಲೌಸಿನ ಕೆಲಸ ಎಲ್ಲ ಹಾಸನಕ್ಕೆ ಹೋಗುತ್ತಿತ್ತು, ನಮ್ಮೂರಲ್ಲೇ ಮಾಡೋಣ ಅಂತ. ಮೂರು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಸೂಜಿ ಕೆಳಗಿನ ಪ್ಲೇಟಿಗೆ ಬಡಿದು ಮುರಿಯೋಕೆ ಶುರು. ಟಕ್ ಅಂತ ಒಂದು ಸದ್ದು, ತುಂಡು ಹಾರಿ ಎಲ್ಲೋ ಬೀಳೋದು. ಒಂದು ಸಲ ಹುಬ್ಬಿನ ಮೇಲೆ ತಗುಲಿತು. ಆವತ್ತಿಂದ ಕನ್ನಡಕ ಹಾಕಿಕೊಂಡೇ ಕೂರ್ತಿದ್ದೆ. ಗಿರಾಕಿಯ ಮೈಸೂರು ಸಿಲ್ಕ್ ಬ್ಲೌಸ್ ಪೀಸ್ ಒಂದು ಹಾಳಾಯಿತು, ನನ್ನ ಕೈಯಿಂದಲೇ ತಂದುಕೊಟ್ಟೆ.

ಮುರಿದ ಸೂಜಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. 23 ಇದ್ದವು. ದೊಡ್ಡ ಸಾಕ್ಷಿ ಅಂದುಕೊಂಡು ಕೋರ್ಟಿಗೂ ಹಿಡಿದುಕೊಂಡು ಹೋದೆ. ಯಾರೂ ಡಬ್ಬಿ ತೆಗೆದೂ ನೋಡಲಿಲ್ಲ! ಕೆಲಸಕ್ಕೆ ಬಂದದ್ದು ಒಂದು ಹಳದಿ ಚೀಟಿ. ಸರ್ವೀಸಿಗೆ ಬಂದ ಹುಡುಗ ಹೋಗುವಾಗ ಜಾಬ್ ಶೀಟಿನಲ್ಲಿ "ಟೈಮಿಂಗ್ ನಿಲ್ಲುತ್ತಿಲ್ಲ, ಪಾರ್ಟ್ ಬದಲಿಸಬೇಕು" ಅಂತ ಬರೆದು ಸಹಿ ಹಾಕಿದ್ದ. ಅವರ ಕೈಯ ಬರಹವೇ ಅವರಿಗೆ ಉರುಳಾಯಿತು. ನಿಮ್ಮಲ್ಲಿಗೆ ಬಂದ ಹುಡುಗ ಎರಡು ಸಲ ಕಾಯಿಲ್ ಬದಲಿಸಿದ ಅಂದಿರಲ್ಲ, ಅದಕ್ಕೆ ಚೀಟಿ ಕೊಟ್ಟಿದ್ದಾನಾ? ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ಅವನು ಬರುವ ಮುಂಚೆ ಮಾಡಿದ ವಾಟ್ಸಾಪ್ ಮೆಸೇಜ್ ಇರುತ್ತಲ್ಲ, "ನಾಳೆ ಬರ್ತೀನಿ ಮೇಡಂ" ಅನ್ನೋದು, ಅದನ್ನಾದರೂ ಉಳಿಸಿಕೊಳ್ಳಿ. ಫೋನಿನಲ್ಲಿ ಜಗಳ ಆಡಿದ್ದಕ್ಕೆ ಬೆಲೆ ಇಲ್ಲ. ನಾನು ಎಂಟು ತಿಂಗಳು ಫೋನಿನಲ್ಲೇ ಕೂಗಾಡಿದೆ, ಎಲ್ಲಾ ಗಾಳಿಗೆ ಹೋಯಿತು.

ಮೊದಲು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅವರೇ ಕಂಪನಿಗೆ ಬರೆದು ಕೇಳುತ್ತಾರೆ. ಕೆಲವರಿಗೆ ಅಲ್ಲೇ ಬಗೆಹರಿಯುತ್ತದೆ. ನನಗೆ ಆಗಲಿಲ್ಲ, ಕಂಪನಿ "ಗ್ರಾಹಕರು ಸರಿಯಾಗಿ ಬಳಸಿಲ್ಲ" ಅಂತ ಒಂದು ಸಾಲು ಬರೆದು ಮುಗಿಸಿತು. ಆದರೂ ಆ ದೂರಿನ ನಂಬರ್ ಆಮೇಲೆ ಉಪಯೋಗಕ್ಕೆ ಬಂತು. ಆಮೇಲೆ ನಾನೇ ಕನ್ನಡದಲ್ಲಿ ಒಂದು ಪತ್ರ ಬರೆದು, ಅಂಗಡಿಗೆ ಒಂದು, ಕಂಪನಿಗೆ ಒಂದು ರಿಜಿಸ್ಟರ್ ಮಾಡಿದೆ. 15 ದಿನದಲ್ಲಿ ಸರಿ ಮಾಡಿ ಅಥವಾ ದುಡ್ಡು ವಾಪಸ್ ಕೊಡಿ ಅಂತ. ಲೀಗಲ್ ನೋಟಿಸನ್ನು ವಕೀಲರೇ ಕೊಡಬೇಕು ಅಂತೇನೂ ಕಾನೂನಿನಲ್ಲಿ ಇಲ್ಲ. ಒಬ್ಬರು ಅದಕ್ಕೇ 3,000 ಕೇಳಿದ್ದರು.

2022ರ ಆಗಸ್ಟ್‌ನಲ್ಲಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ "ವ್ಯಾಜ್ಯಗಳು ಬೆಂಗಳೂರು ವ್ಯಾಪ್ತಿಗೆ ಮಾತ್ರ" ಅಂತ ಇತ್ತು, ನನಗೂ ಅದೇ ಹೆದರಿಕೆ. ಅಲ್ಲಿನ ಗುಮಾಸ್ತರು ನಕ್ಕುಬಿಟ್ಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬಿಲ್ಲಿನ ಸಾಲು ಅದನ್ನು ತಪ್ಪಿಸಲ್ಲ ಅಂದರು. ಅವರು ಹೇಳಿದ ಹಾಗೇ ಆಯಿತು. ನೀವೂ ಗದಗಿನಲ್ಲೇ ಹಾಕಿ. ಫೀಸು ಸೊನ್ನೆ. ಕೊಂಡ ಬೆಲೆ 5 ಲಕ್ಷದ ಒಳಗಿದ್ದರೆ ಏನೂ ಕಟ್ಟುವ ಹಾಗಿಲ್ಲ. ನನಗೆ ಖರ್ಚಾಗಿದ್ದು ಝೆರಾಕ್ಸ್, ನೋಟರಿ, ಬಸ್ಸು, ಎಲ್ಲಾ ಸೇರಿ 2,300 ಚಿಲ್ಲರೆ. ಅಂಗಡಿ ಬಾಗಿಲು ಹಾಕಿದ ದಿನಗಳ ಲೆಕ್ಕ ಬೇರೆ.

ಈಗ ಮುಖ್ಯ ವಿಷಯ. ಅಂಗಡಿಯವರ ವಕೀಲರು ತಕರಾರು ಹಾಕಿದರು: ಬಿಲ್ಲಿನಲ್ಲಿ "ಟೈಲರ್ಸ್" ಅಂತ ಇದೆ, ಇದು ವ್ಯಾಪಾರ, ಈಕೆ ಗ್ರಾಹಕಿ ಅಲ್ಲ. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ನನ್ನ ದೂರು ಕನ್ನಡದಲ್ಲಿ ನಾಲ್ಕು ಪುಟ. ಆ ಹನ್ನೊಂದು ಪುಟ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಮಗಳ ಹತ್ತಿರ ಓದಿಸಿದೆ. ಒಳಗೆ ಇದ್ದದ್ದು ಒಂದೇ ಮಾತು, ಅದನ್ನೇ ತಿರುಗಿಸಿ ತಿರುಗಿಸಿ ಬರೆದಿದ್ದರು.

ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇದೆ. ಗ್ರಾಹಕ ಅಂದರೆ ಯಾರು ಅಂತ ಹೇಳುವ 2(7) ಕಲಂನ ವಿವರಣೆ ಓದಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಲೇ ಕೊಂಡ ವಸ್ತು ವಾಣಿಜ್ಯ ಉದ್ದೇಶ ಅಂತ ಆಗಲ್ಲ. ನನ್ನ ಕೇಸು ನಿಂತದ್ದು ಅದರ ಮೇಲೆ. ಅವರ ವಕೀಲರು ಪ್ರಶ್ನೆಗಳನ್ನು ಬರೆದುಕೊಟ್ಟರು, ನಾನು ಪ್ರಮಾಣಪತ್ರದಲ್ಲಿ ಉತ್ತರ ಬರೆದುಕೊಟ್ಟೆ. ಎಷ್ಟು ಮಷೀನ್? ಮೂರು, ಒಂದು ಕಾಲಲ್ಲಿ ತುಳಿಯೋದು, ಒಂದು ಮೋಟಾರಿನದು, ಒಂದು ಇದು. ಎಷ್ಟು ಜನ ಕೆಲಸಗಾರರು? ಒಬ್ಬಳು, ಹೆಮ್ಮಿಂಗ್ ಮಾಡಿ ಹುಕ್ ಹಾಕೋಳು. ಅಂಗಡಿ ಬಾಡಿಗೆ? 2,800. ಸುಳ್ಳು ಒಂದೂ ಬರೆಯಲಿಲ್ಲ. ಕೆಲಸದವಳು ಇಲ್ಲ ಅಂತ ಬರೆಯೋಣ ಅನ್ನಿಸಿತ್ತು, ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಅವರ ಹತ್ತಿರ ನನ್ನ ಅಂಗಡಿ ಫೋಟೋ ಇತ್ತು, ಅದರಲ್ಲಿ ಅವಳೂ ಕೂತಿದ್ದಳು.

ವಾದದ ದಿನ ಮೇಲೆ ಕೂತಿದ್ದ ಮಹಿಳಾ ಸದಸ್ಯರು ಕೇಳಿದ್ದು ಒಂದೇ ಪ್ರಶ್ನೆ. "ಈ ಎಂಬ್ರಾಯ್ಡರಿ ಮಷೀನ್ ಮೇಲೆ ಕೂರೋದು ಯಾರಮ್ಮ?" ನಾನೇ ಮೇಡಂ ಅಂದೆ. "ನೀವು ಊರಿಗೆ ಹೋದಾಗ?" ಮುಚ್ಚಿಟ್ಟು ಹೋಗ್ತೀನಿ, ಅವಳಿಗೆ ಬರಲ್ಲ ಅಂದೆ. ಅವರು ತಲೆ ಆಡಿಸಿ ಏನೋ ಬರೆದುಕೊಂಡರು. ಅಷ್ಟೇ. ಸಿನಿಮಾದಲ್ಲಿ ತೋರಿಸೋ ಹಾಗೆ ಏನೂ ಇರಲ್ಲ. ನಂಬರ್ ಕೂಗ್ತಾರೆ, ಎದ್ದು ನಿಂತು ಹಾಜರಿದ್ದೀನಿ ಅನ್ನಬೇಕು, ಮುಂದಿನ ತಾರೀಕು ಬರೆದುಕೊಳ್ಳಬೇಕು.

ದಾವಣಗೆರೆಯವರು ಹೇಳಿದ್ದು ಸುಳ್ಳಲ್ಲ. ಕಾನೂನಿನ ಪುಸ್ತಕದಲ್ಲಿ 3 ತಿಂಗಳು, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ 5 ತಿಂಗಳು ಅಂತ ಇದೆ. ನನಗೆ 17 ತಿಂಗಳು ಹಿಡಿಯಿತು, 14 ಸಲ ಹೋಗಿ ಬಂದೆ. ಅವರ ಮಾವ ಮಾಡಿದ ತಪ್ಪು ಹೋಗೋದು ಬಿಟ್ಟದ್ದು. ದೂರು ಕೊಟ್ಟವರೇ ಬರದಿದ್ದರೆ ವಜಾ ಮಾಡದೆ ಇನ್ನೇನು ಮಾಡ್ತಾರೆ? ನನಗೂ ಆರನೇ ತಾರೀಕಿಗೆ ಸಾಕಾಗಿತ್ತು. ಆವತ್ತು ಗೌರಿ ಹಬ್ಬದ ಮುಂಚಿನ ವಾರ, ಅಂಗಡಿ ತುಂಬ ಬಟ್ಟೆ. ಬಯ್ದುಕೊಂಡೇ ಬಸ್ಸು ಹತ್ತಿದೆ.

ಆದೇಶ ಬಂದದ್ದು 2024ರ ಜನವರಿ. ಮಷೀನ್ ವಾಪಸ್ ತಗೊಂಡು 46,500 ಕೊಡಬೇಕು, ದೂರು ಹಾಕಿದ ದಿನದಿಂದ 6% ಬಡ್ಡಿ, ಮಾನಸಿಕ ಕಿರಿಕಿರಿಗೆ 5,000, ಖರ್ಚಿಗೆ 3,000. ನಾನು ಕಿರಿಕಿರಿಗೆ ಅಂತ ಒಂದು ಲಕ್ಷ ಕೇಳಿದ್ದೆ! ಆದೇಶ ಆದ ಮಾತ್ರಕ್ಕೆ ದುಡ್ಡು ತಾನಾಗಿ ಬರಲಿಲ್ಲ. ಕೊಟ್ಟ ಗಡುವು ಕಳೆಯಿತು, ಫೋನ್ ಮಾಡಿದರೆ "ಹೆಡ್ ಆಫೀಸಿಗೆ ಕಳಿಸಿದ್ದೀವಿ" ಅಂದರು. ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಅಂತ ಕೇಳೋ ಅರ್ಜಿ, ಹಾಕಿದೆ. ಆದೇಶ ಪಾಲಿಸದಿದ್ದರೆ 72ನೇ ಕಲಂ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ದಂಡ, ಅಥವಾ ಎರಡೂ. ಆ ನೋಟಿಸ್ ಮುಟ್ಟಿದ ಮೂರನೇ ವಾರಕ್ಕೆ ಡಿಡಿ ಬಂತು. ಏಪ್ರಿಲ್ ತಿಂಗಳು. 20 ತಿಂಗಳ ಬಡ್ಡಿ 4,650 ಸೇರಿ 59,150.

ವಕೀಲರಿಗೆ ಕೊಟ್ಟಿದ್ದರೆ ಅದರಲ್ಲಿ ಎಷ್ಟು ಉಳಿಯುತ್ತಿತ್ತೋ ನೀವೇ ಲೆಕ್ಕ ಹಾಕಿ.

ಕಡಲಾಚೆ_ಕನ್ನಡಿಗ:

ಕ್ಯಾಲಿಫೋರ್ನಿಯಾದಲ್ಲಿ ಇರುವವನು ನಾನು. ನಿಮ್ಮ ಗೆಳೆಯ ಹೇಳಿದ್ದು ಸರಿ. ಇಲ್ಲಿ ಸ್ಮಾಲ್ ಕ್ಲೇಮ್ಸ್‌ನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ಶುಲ್ಕ 30ರಿಂದ 75 ಡಾಲರ್. ವಿಚಾರಣೆಯಲ್ಲಿ ವಕೀಲರು ನಮ್ಮ ಪರ ನಿಲ್ಲುವ ಹಾಗಿಲ್ಲ, ಕಂಪನಿಯ ಪರವೂ ನಿಲ್ಲುವ ಹಾಗಿಲ್ಲ. ಕಂಪನಿ ತನ್ನ ನೌಕರರನ್ನೇ ಕಳಿಸಬೇಕು. ಬಾಡಿಗೆ ಮನೆಯ ಡಿಪಾಸಿಟ್ ವಿಷಯಕ್ಕೆ ಒಂದು ಸಲ ಹೋಗಿದ್ದೆ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆದರೆ ಹಾಕಿದವನೇ ಸೋತರೆ ಮೇಲ್ಮನವಿ ಇಲ್ಲ. ನಾನು ಅರ್ಧ ಸೋತೆ, ಬಾಯಿ ಮುಚ್ಚಿಕೊಂಡು ಬಂದೆ. ಅಕ್ಕಾವರ 14 ತಾರೀಕು ಓದಿ ಎದೆ ಝಲ್ ಅಂದಿತು, ಆದರೆ 68,000ಕ್ಕೆ ಫೀಸೇ ಇಲ್ಲ ಅನ್ನೋದು ಗೊತ್ತಿರಲಿಲ್ಲ.

ಹಳೇ_ಗುಮಾಸ್ತ:

ವಕೀಲರ ಆಫೀಸಿನಲ್ಲಿ 31 ವರ್ಷ ಗುಮಾಸ್ತನಾಗಿದ್ದೆ. ಕೆಲವು ಮಾತು ಸೇರಿಸುತ್ತೇನೆ.

ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟ್ ಅಂತ ಒಂದಿದೆ, ಕನ್ನಡದಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ. ಹೆಸರು ಕೇಳಿ ಅಮೆರಿಕದ್ದರ ತಮ್ಮ ಅಂದುಕೊಂಡು ಅಲ್ಲಿಗೆ ಹೋಗಬೇಡಿ. ಅಲ್ಲಿ ಬಹಳಷ್ಟು ನಡೆಯುವುದು ವಾಹನ ಅಪಘಾತದ ಪರಿಹಾರದ ಕೇಸುಗಳು. ನಿಮ್ಮ ಕೆಲಸಕ್ಕೆ ಜಿಲ್ಲಾ ಗ್ರಾಹಕರ ಆಯೋಗವೇ ಸರಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಅಲ್ಲೇ.

ಇಬ್ಬರು ಕೆಲಸದವರ ವಿಚಾರ. 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉದಾಹರಣೆ ಕೊಟ್ಟೇ ಹೇಳಿದೆ. ಆಟೋ ಕೊಂಡು ತಾನೇ ಓಡಿಸುವವನು, ಲೇತ್ ಮಷೀನ್ ಕೊಂಡು ತಾನೇ ನಡೆಸುವವನು ಗ್ರಾಹಕನೇ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಅದು ತಪ್ಪುವುದಿಲ್ಲ. ತಮಾಷೆ ಅಂದರೆ ಆ ಕೇಸು ಹಾಕಿದವರು ತಾವೇ ಸೋತರು, ಅವರದ್ದು ದೊಡ್ಡ ಉದ್ದಿಮೆ ಅಂತ ಆಯಿತು. ಆದರೆ ಆ ಮಾತು ಇವತ್ತಿಗೂ ದರ್ಜಿಗೂ ರೊಟ್ಟಿ ಮಾಡುವವರಿಗೂ ಆಸರೆ. ಇನ್ನೊಂದು, ವಾಣಿಜ್ಯ ಉದ್ದೇಶ ಅಂತ ಸಾಬೀತು ಮಾಡುವ ಹೊಣೆ ಎದುರು ಪಾರ್ಟಿಯದ್ದು ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ನೀವು ಸುಮ್ಮನೆ ಕೂರಬೇಡಿ. ಅಮ್ಮನವರು ಮಷೀನ್ ನಡೆಸುವ ಫೋಟೋ, ಮನೆಯ ವಿಳಾಸ, ಇದೇ ಜೀವನಕ್ಕೆ ಆಧಾರ ಅನ್ನುವ ಒಂದು ಸಾಲು, ಮೂರೂ ದೂರಿನಲ್ಲೇ ಇರಲಿ.

ದೂರು ಅಮ್ಮನವರ ಹೆಸರಿನಲ್ಲಿ ಹಾಕಿ. ಅಧಿಕಾರ ಪತ್ರ ಬರೆಸಿಕೊಂಡು ನೀವು ಅವರ ಪರ ಹಾಜರಾಗಬಹುದು. ದುಡ್ಡು ನಿಮ್ಮ ಖಾತೆಯಿಂದ ಹೋದದ್ದನ್ನು ಮುಚ್ಚಿಡದೆ ಬರೆಯಿರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು, ನಿಮಗೆ ಸಮಯ ಇದೆ. ಈಗ ಇ-ಜಾಗೃತಿ ಅಂತ ಪೋರ್ಟಲ್ ಬಂದಿದೆ, 2025ರ ಜನವರಿ 1ರಿಂದ. ಕೂತಲ್ಲೇ ಹಾಕಬಹುದು. ಆದರೂ ಒಂದು ಸಲ ಆಯೋಗದ ಆಫೀಸಿಗೆ ಹೋಗಿ ಅಲ್ಲಿನ ಸಿಬ್ಬಂದಿಯನ್ನು ಮಾತಾಡಿಸಿ ಬನ್ನಿ. ಎಷ್ಟು ಪ್ರತಿ, ಯಾವ ಕ್ರಮ ಅಂತ ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ನೋಟಿಸ್ ಮುಟ್ಟಿದ ಮೇಲೆ ಕಂಪನಿ ಉತ್ತರ ಕೊಡೋಕೆ 30 ದಿನ, ಹೆಚ್ಚೆಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿದೆ. ತಾರೀಕು ಎಣಿಸಿಕೊಂಡಿರಿ. ಕಂಪನಿ ಸೋತು ಮೇಲ್ಮನವಿಗೆ ಹೋಗಬೇಕಾದರೂ ಆದೇಶದ ಅರ್ಧ ದುಡ್ಡು ಮೊದಲು ಕಟ್ಟಬೇಕು. 68,000ದ ಕೇಸಿಗೆ ಎಷ್ಟು ಕಂಪನಿ ಆ ತಂಟೆಗೆ ಹೋಗುತ್ತವೆ!

ಗದಗಿನ_ರೊಟ್ಟಿ:

ಅಕ್ಕಾವರೇ, ಗುಮಾಸ್ತ ಸರ್, ಎಲ್ಲರಿಗೂ ದೊಡ್ಡ ನಮಸ್ಕಾರ. ಒಂದು ಚೀಟಿ ಸಿಕ್ಕಿತು! ಅವ್ವ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದಳು. ಎರಡನೇ ಸಲದ್ದು. "ಅಪ್ಪರ್ ಕಾಯಿಲ್ ರಿಪ್ಲೇಸ್ಡ್" ಅಂತ ಇದೆ, ಸಹಿ ಇದೆ. ಮೊದಲನೇ ಸಲದ್ದಕ್ಕೆ ವಾಟ್ಸಾಪ್ ಮೆಸೇಜ್ ಇದೆ. ರಾತ್ರಿ ಕೂತು ಕರಡು ಬರೆದೆ. ಎರಡನೇ ಪ್ಯಾರಾ ಹೀಗಿದೆ:

"ಎದುರುದಾರರು ಮೋಸಗಾರರಾಗಿದ್ದು, ನನ್ನಂಥ ಮುಗ್ಧ ಬಡ ಹೆಣ್ಣುಮಗಳನ್ನು ಬಣ್ಣದ ವಿಡಿಯೋ ತೋರಿಸಿ ವಂಚಿಸಿ, ನನ್ನ ಬದುಕನ್ನೇ ನಾಶ ಮಾಡಿರುತ್ತಾರೆ. ಆದ್ದರಿಂದ 5 ಲಕ್ಷ ರೂ. ಪರಿಹಾರ ಕೊಡಿಸಬೇಕಾಗಿ ಪ್ರಾರ್ಥನೆ."

ಹೇಗಿದೆ? ಇನ್ನೊಂದು, ಮಷೀನ್ ಸುಮ್ನೆ ನಿಂತಿದೆ. ಊರಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ಬಳಸಬಹುದಾ?

ಟೈಲರಮ್ಮ_ಅರಸೀಕೆರೆ:

ಬಿಚ್ಚಿಸಬೇಡಿ! ಬಿಚ್ಚಿಸಿದ ದಿನವೇ "ಹೊರಗಿನವರು ಕೈ ಹಾಕಿ ಕೆಡಿಸಿದ್ದಾರೆ" ಅಂತ ಅವರು ಬರೀತಾರೆ. ಮೆಕ್ಯಾನಿಕ್ ಹೊರಗಿನಿಂದಲೇ ನೋಡಲಿ. ಪ್ಲೇಟು ಎಲ್ಲಿ ಕಾಯ್ತಿದೆ, ಎಲ್ಲಿ ಕಾಯ್ತಿಲ್ಲ ಅಂತ ಬರೆದುಕೊಟ್ಟು ಅಫಿಡವಿಟ್ ಮಾಡಿಕೊಟ್ಟರೆ ಸಾಕು. ಒಂದು ರೊಟ್ಟಿ ಒತ್ತಿ ತೆಗೆಯೋದನ್ನು ಶುರುವಿಂದ ಕೊನೆವರೆಗೂ ವಿಡಿಯೋ ಮಾಡಿಕೊಳ್ಳಿ, ಹಸಿ ಬದಿ ಕಾಣಬೇಕು. ಆಮೇಲೆ ಮುಚ್ಚಿಡಿ. ನನ್ನದನ್ನು ಹಳೇ ಬೆಡ್‌ಶೀಟ್ ಸುತ್ತಿ ಎರಡು ವರ್ಷ ಮೂಲೆಯಲ್ಲಿ ಇಟ್ಟಿದ್ದೆ.

ಕರಡು ಓದಿದೆ. ಸಿಟ್ಟು ಅರ್ಥ ಆಗುತ್ತೆ, ನನ್ನ ಮೊದಲ ಕರಡಿನಲ್ಲೂ "ದ್ರೋಹಿಗಳು" ಅಂತ ಇತ್ತು, ಮಗಳು ಹೊಡೆದುಹಾಕಿದಳು. 5 ಲಕ್ಷ ಕೇಳಿದರೆ ಫೀಸೇನೂ ಏರಲ್ಲ, ಅದು ಕೊಂಡ ಬೆಲೆ ಮೇಲೆ. ಆದರೆ ಹೇಗೆ 5 ಲಕ್ಷ ಅಂತ ಕೇಳಿದರೆ ಏನು ಹೇಳ್ತೀರಿ? ಮಷೀನ್ ನಿಂತಮೇಲೆ ಎಷ್ಟು ಆರ್ಡರ್ ತಪ್ಪಿತು, ಖಾನಾವಳಿಯವರು ಯಾರಾದರೂ ಬರೆದುಕೊಡ್ತಾರಾ ನೋಡಿ, ಅಷ್ಟನ್ನೇ ಕೇಳಿ.

"ಮೋಸಗಾರರು" ಇರುವ ಜಾಗದಲ್ಲಿ ಇಷ್ಟು ಬರೆಯಿರಿ: ಇಂಥ ತಾರೀಕು ಮಷೀನ್ ಬಂತು. ಇಂಥ ತಾರೀಕು ಪ್ಲೇಟು ಕಾಯೋದು ನಿಂತಿತು. ಇಂಥ ತಾರೀಕು ಕಾಯಿಲ್ ಬದಲಿಸಿದರು, ಇಂಥ ತಾರೀಕು ಮತ್ತೆ ಬದಲಿಸಿದರು. ಇಂಥ ತಾರೀಕು ವಾರಂಟಿ ಒಳಗೇ 9,400 ಕೇಳಿದರು. "ಮುಗ್ಧ ಬಡ ಹೆಣ್ಣುಮಗಳು" ಅನ್ನೋದರ ಬದಲು "ಹನ್ನೆರಡು ವರ್ಷದಿಂದ ಮನೆಯಲ್ಲಿ ರೊಟ್ಟಿ ಮಾಡಿ ಮಾರುತ್ತೇನೆ, ಇದೇ ನನ್ನ ಜೀವನ, ಮಷೀನನ್ನು ನಾನೇ ನಡೆಸುತ್ತೇನೆ" ಅಂತ ಬರೆಯಿರಿ. ಮೊಣಕೈಗೆ ಡಾಕ್ಟರ್ ಬರೆದ ಚೀಟಿ ಇದ್ದರೆ ಅದೂ ಹಿಂದೆ ಸೇರಲಿ. ಮಷೀನ್ ಯಾಕೆ ತಗೊಂಡಿರಿ ಅನ್ನೋದಕ್ಕೆ ಅದೇ ಉತ್ತರ.

ಅವ್ವನ ವಯಸ್ಸು ಹಾಕೋದು ಮರೆತಿದ್ದೀರಿ. ಅದೂ ಬೇಕು.